ಕಂಬಿ ದಾಟಿದವರಿಗೆ ದಂಡ ಹಾಕುವ ಮುನ್ನ: ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರು
(ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಪುರಸಭೆಯ ಮುಖ್ಯಾಧಿಕಾರಿಗಳಿಗೆ)

ವಿಷಯ: ರೈಲ್ವೆ ಕಾಯ್ದೆ, 1989ರ ಕಲಂ 147ರ ಅಡಿ ಹಳಿ ದಾಟುವವರ ಮೇಲೆ ಹೂಡುತ್ತಿರುವ ಪ್ರಕರಣಗಳು ಮತ್ತು ಅದೇ ಕಾಯ್ದೆಯ ಕಲಂ 16 ಹಾಗೂ 18ರ ಪಾಲನೆ ಕುರಿತು.

ಮಾನ್ಯರೇ,

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ವಕೀಲಿ ವೃತ್ತಿ ಮಾಡುವವನು. ಮನೆ ಇರುವುದು ರೈಲ್ವೆ ಹಳಿಯಾಚೆಯ ಬಡಾವಣೆಯಲ್ಲಿ. ಊರಿನ ಹೆಸರನ್ನೂ ತಮ್ಮ ವಿಭಾಗದ ಹೆಸರನ್ನೂ ಬೇಕೆಂದೇ ಬರೆದಿಲ್ಲ. ಬರೆದರೆ ಇದು ಯಾವುದೋ ಒಂದು ಊರಿನ ಗೇಟಿನ ತಕರಾರಾಗಿ ಒಂದು ಕಡತಕ್ಕೆ ಸೇರಿ ಅಲ್ಲೇ ಮಲಗುತ್ತದೆ ಎಂಬುದು ನನಗೆ ಗೊತ್ತು. ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು ಇದ್ದೂ ಮಂಗಳೂರಿನವರು ಪಾಲಕ್ಕಾಡಿಗೆ, ಕಲಬುರಗಿಯವರು ಸೋಲಾಪುರಕ್ಕೆ, ಬೀದರಿನವರು ಸಿಕಂದರಾಬಾದಿಗೆ ಅರ್ಜಿ ಹಾಕುತ್ತ ಬಂದ ರಾಜ್ಯ ನಮ್ಮದು. ಈ ಪತ್ರ ಯಾರ ಮೇಜಿಗೆ ತಲುಪಿದರೂ ಅವರಿಗೇ ಬರೆದದ್ದೆಂದು ದಯವಿಟ್ಟು ತಿಳಿಯಬೇಕು.

ಮೊದಲು ಜಾಗದ ವಿವರ. ನಮ್ಮೂರನ್ನು ರೈಲು ಹಳಿ ಎರಡು ಭಾಗ ಮಾಡಿದೆ. ಬಸ್ ನಿಲ್ದಾಣ, ಸರ್ಕಾರಿ ಆಸ್ಪತ್ರೆ, ಹೈಸ್ಕೂಲು, ಸಂತೆ ಮೈದಾನ, ತಾಲ್ಲೂಕು ಕಚೇರಿ ಎಲ್ಲವೂ ಈಚೆಗಿವೆ. ಆಶ್ರಯ ಮನೆಗಳು, ಎರಡು ಹೊಸ ಬಡಾವಣೆಗಳು, ಸ್ಮಶಾನ ಆಚೆಗಿವೆ. ಮೊದಲು ನಡುವೆ ಒಂದು ಗೇಟಿತ್ತು. ಗೇಟು ಹಾಕಿದಾಗ ಜನ ಬೈದುಕೊಂಡು ಕಾಯುತ್ತಿದ್ದರು, ತೆಗೆದಾಗ ಹೋಗುತ್ತಿದ್ದರು. ಒಂಟಿ ಹಳಿ ಜೋಡಿ ಹಳಿಯಾಯಿತು, ಮೇಲೆ 25 ಸಾವಿರ ವೋಲ್ಟ್‌ನ ತಂತಿ ಬಂತು, ಗಾಡಿಗಳ ವೇಗ ಹೆಚ್ಚಿತು. ಗೇಟು ಅಪಾಯಕಾರಿ ಎಂದು ಮುಚ್ಚಿ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಅಂಡರ್‌ಪಾಸ್ ಕಟ್ಟಿದರು. ಮುಚ್ಚಿದ್ದರ ಬಗ್ಗೆ ನನ್ನ ತಕರಾರಿಲ್ಲ. ಕಾವಲಿಲ್ಲದ ಗೇಟುಗಳಲ್ಲಿ ಟ್ರ್ಯಾಕ್ಟರ್, ಆಟೊ, ಶಾಲಾ ವಾಹನಗಳು ರೈಲಿಗೆ ಸಿಕ್ಕಿ ಎಷ್ಟು ಜನ ಸತ್ತಿದ್ದಾರೆಂದು ಎಲ್ಲರೂ ಬಲ್ಲರು. 2019ರ ಜನವರಿ ಹೊತ್ತಿಗೆ ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಅಂಥ ಗೇಟುಗಳನ್ನೆಲ್ಲ ಇಲ್ಲವಾಗಿಸಿದ್ದು ರೈಲ್ವೆ ಇಲಾಖೆ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ತಕರಾರು ಇರುವುದು ಗೇಟಿನ ಬದಲಿಗೆ ಏನು ಕೊಟ್ಟಿರಿ ಎಂಬುದರ ಬಗ್ಗೆ.

ಅಂಡರ್‌ಪಾಸ್ ವಾಹನಗಳಿಗಾಗಿ ಕಟ್ಟಿದ್ದು. ಅದರಲ್ಲಿ ಪಾದಚಾರಿಗಳಿಗೆ ಬೇರೆ ದಾರಿಯಿಲ್ಲ, ದೀಪವಿಲ್ಲ. ಜೋರು ಮಳೆ ಬಂದರೆ ಮೊಣಕಾಲು ಮಟ್ಟ, ಕೆಲವೊಮ್ಮೆ ಸೊಂಟದ ಮಟ್ಟ ನೀರು ನಿಲ್ಲುತ್ತದೆ. ನೀರೆತ್ತುವ ಪಂಪು ಯಾರದು ಎಂದು ಪುರಸಭೆಯನ್ನು ಕೇಳಿದರೆ ರೈಲ್ವೆಯತ್ತ ಕೈ ತೋರಿಸುತ್ತಾರೆ. ರೈಲ್ವೆಯವರನ್ನು ಕೇಳಿದರೆ ಕಟ್ಟಿ ಹಸ್ತಾಂತರಿಸಿಯಾಗಿದೆ ಎನ್ನುತ್ತಾರೆ. ಹೀಗಾಗಿ ಹಳೆಯ ಗೇಟಿದ್ದ ಜಾಗದಲ್ಲೇ ಜನ ದಾಟುತ್ತಾರೆ. ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹಿಡಿಯುವ ಹೆಣ್ಣುಮಕ್ಕಳು, ಹಾಲಿನ ಕ್ಯಾನು ಹೊತ್ತವರು, ಸ್ಕೂಲ್ ಬ್ಯಾಗು ಹೊತ್ತ ಮಕ್ಕಳು, ಸಂತೆಯ ದಿನ ಸೊಪ್ಪಿನ ಗಂಟು ಹೊತ್ತ ಅಜ್ಜಿಯರು ಹೀಗೆಯೇ ಕಂಬಿ ದಾಟುವುದನ್ನು ನಾನು ದಿನವೂ ನೋಡುತ್ತೇನೆ. ಹೆಣವನ್ನು ಮಾತ್ರ ಗಾಡಿಯಲ್ಲಿ ಅಂಡರ್‌ಪಾಸಿನ ಮೂಲಕ ಒಯ್ಯುತ್ತಾರೆ, ಅದೂ ನೀರಿಲ್ಲದ ದಿನ.

ಇನ್ನೊಂದು ನೋಟವನ್ನು ತಾವು ಖುದ್ದಾಗಿ ಬಂದು ನೋಡಬೇಕು. ಲೂಪ್ ಲೈನಿನಲ್ಲಿ, ಅಂದರೆ ಬೇರೆ ಗಾಡಿಗಳಿಗೆ ದಾರಿ ಬಿಡಲು ನಿಲ್ಲಿಸುವ ಪಕ್ಕದ ಹಳಿಯಲ್ಲಿ, ಗೂಡ್ಸ್ ಗಾಡಿ ಗಂಟೆಗಟ್ಟಲೆ ನಿಲ್ಲುತ್ತದೆ. ಅದರ ತಲೆಯಿಂದ ಬಾಲದವರೆಗೆ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದ. ಸುತ್ತಿ ಬರಲು ಯಾರಿಗೂ ಪುರುಸೊತ್ತಿಲ್ಲ. ಸೀರೆ ಎತ್ತಿ ಕಟ್ಟಿಕೊಂಡು, ಬುತ್ತಿ ಚೀಲವನ್ನು ಮುಂದೆ ತಳ್ಳಿ, ವ್ಯಾಗನ್ನಿನ ಕೆಳಗೆ ತೂರಿ ಆಚೆ ಹೋಗುತ್ತಾರೆ. ಗಾಡಿ ಯಾವ ಕ್ಷಣ ಜಗ್ಗುತ್ತದೋ ಕೆಳಗಿರುವವರಿಗೆ ಗೊತ್ತಾಗುವುದಿಲ್ಲ, ಕೆಳಗೆ ಯಾರಿದ್ದಾರೆಂದು ಇಂಜಿನ್ನಿನಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಜೋಡಿ ಹಳಿಯಲ್ಲಿ ಇನ್ನೊಂದು ಅಪಾಯವಿದೆ: ಗೂಡ್ಸ್ ದಾಟಿ ಹೋಗಲೆಂದು ಕಾದವರು ಅದರ ಕೊನೆಯ ಡಬ್ಬಿ ಸರಿದದ್ದೇ ತಡ ಹೆಜ್ಜೆ ಇಡುತ್ತಾರೆ, ಅದೇ ಹೊತ್ತಿಗೆ ಮತ್ತೊಂದು ಹಳಿಯಲ್ಲಿ ಎದುರಿನಿಂದ ಗಾಡಿ ಬಂದಿರುತ್ತದೆ. ಗೂಡ್ಸಿನ ಸದ್ದಿನಲ್ಲಿ ಅದರ ಸದ್ದು ಕೇಳಿರುವುದಿಲ್ಲ. ಡೀಸೆಲ್ ಇಂಜಿನ್ ಇದ್ದಾಗ ದೂರದಿಂದಲೇ ನೆಲ ಅದುರುತ್ತಿತ್ತು. ಈಗಿನ ವಿದ್ಯುತ್ ಗಾಡಿಗಳು, ಅದರಲ್ಲೂ 2022ರ ನವೆಂಬರಿನಲ್ಲಿ ಮೈಸೂರು–ಚೆನ್ನೈ ನಡುವೆ, 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ನಡುವೆ ಶುರುವಾದ ವಂದೇ ಭಾರತ್‌ನಂಥವು, ಹತ್ತಿರ ಬರುವವರೆಗೆ ಕಿವಿಗೆ ಬೀಳುವುದಿಲ್ಲ.

ಈ ಜಾಗಕ್ಕೆ ರೈಲ್ವೆ ರಕ್ಷಣಾ ಪಡೆಯ (ಆರ್‌ಪಿಎಫ್) ಸಿಬ್ಬಂದಿ ಆಗಾಗ ಬರುತ್ತಾರೆ. ಬರಲಿ, ಬರಲೇಬೇಕು. ಬಂದವರು ಮಾಡುವುದು ಒಂದೇ ಕೆಲಸ: ಕೈಗೆ ಸಿಕ್ಕ ನಾಲ್ಕಾರು ಜನರನ್ನು ಹಿಡಿದು ಕಲಂ 147ರಲ್ಲಿ ಕೇಸು ಬರೆಯುವುದು. ಓಡಬಲ್ಲ ಹುಡುಗರು ಓಡಿಹೋಗುತ್ತಾರೆ. ಸಿಗುವವರು ವಯಸ್ಸಾದವರು, ಗಂಟು ಹೊತ್ತವರು, ಮಗುವನ್ನು ಎತ್ತಿಕೊಂಡವರು. ರೈಲ್ವೆ ಪ್ರಕರಣಗಳನ್ನು ನಡೆಸುವ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಇರುವುದು ಬೇರೆ ಊರಿನಲ್ಲಿ. ಅಲ್ಲಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ, ದಂಡ ಬೇರೆ.

ಆ ಕಲಂ ಏನು ಹೇಳುತ್ತದೆ ಎಂಬುದನ್ನು ಈ ಪತ್ರ ಓದುವ ಸಾರ್ವಜನಿಕರಿಗಾಗಿ ಬಿಡಿಸಿ ಹೇಳುತ್ತೇನೆ, ತಮಗೆ ಗೊತ್ತಿರುವುದೇ. ಕಾನೂನುಬದ್ಧ ಅಧಿಕಾರವಿಲ್ಲದೆ ರೈಲ್ವೆಯ ಯಾವುದೇ ಭಾಗವನ್ನು ಪ್ರವೇಶಿಸಿದರೆ, ಅಥವಾ ಸರಿಯಾಗಿಯೇ ಪ್ರವೇಶಿಸಿ ಅಲ್ಲಿನ ಆಸ್ತಿಯನ್ನು ದುರುಪಯೋಗ ಮಾಡಿದರೆ, ಇಲ್ಲವೇ ಹೊರಹೋಗಲು ನಿರಾಕರಿಸಿದರೆ 6 ತಿಂಗಳವರೆಗೆ ಸೆರೆವಾಸ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದರ ಜೊತೆಗೊಂದು ಷರತ್ತಿದೆ: ವಿಶೇಷ ಮತ್ತು ಸಾಕಷ್ಟು ಕಾರಣಗಳಿವೆ ಎಂದು ನ್ಯಾಯಾಲಯ ತೀರ್ಪಿನಲ್ಲಿ ಬರೆಯದ ಹೊರತು ದಂಡ 500 ರೂಪಾಯಿಗಿಂತ ಕಡಿಮೆ ಇರಕೂಡದು. ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವೂ ಆರ್‌ಪಿಎಫ್‌ಗೆ ಇದೆ.

ಇದನ್ನು ಸಾಮಾನ್ಯ ಅಪರಾಧ ಕಾನೂನಿನ ಅತಿಕ್ರಮ ಪ್ರವೇಶದ ಪಕ್ಕದಲ್ಲಿಟ್ಟು ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 329ರ ಪ್ರಕಾರ ಅಪರಾಧಿಕ ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅಲ್ಲಿ ಉದ್ದೇಶವನ್ನು ಸಾಬೀತು ಮಾಡಬೇಕು: ಅಪರಾಧ ಮಾಡಲು, ಹೆದರಿಸಲು, ಅವಮಾನ ಮಾಡಲು ಅಥವಾ ಕಿರುಕುಳ ಕೊಡಲು ಒಳಗೆ ಹೋದನೇ ಎಂದು ನೋಡಬೇಕು. ಕಲಂ 147ರ ಒಳಪ್ರವೇಶಕ್ಕೆ ಆ ಪ್ರಶ್ನೆಯೇ ಇಲ್ಲ. ಕಾಲಿಟ್ಟರೆ ಮುಗಿಯಿತು. ಗಾಡಿ ಓಡುವ ಜಾಗದಲ್ಲಿ ಕಾನೂನು ಹಾಗೆ ಬಿಗಿಯಾಗಿರುವುದರಲ್ಲಿ ಅರ್ಥವಿದೆ. 100 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ನೂರಾರು ಮೀಟರ್ ಬೇಕು. ಎದುರಿಗಿರುವವರ ಉದ್ದೇಶ ಕೇಳಿ ಅದು ನಿಲ್ಲುವುದಿಲ್ಲ. ಕಣ್ಣೆದುರೇ ಮನುಷ್ಯ ಬಂದು ಸಿಕ್ಕಾಗ ಏನೂ ಮಾಡಲಾಗದೆ ಕೂತಿದ್ದು, ಮುಂದಿನ ನಿಲ್ದಾಣದಲ್ಲಿ ವರದಿ ಬರೆದು, ಮತ್ತೆ ಅದೇ ಹಳಿಯಲ್ಲಿ ಗಾಡಿ ಓಡಿಸುವ ಲೋಕೋ ಪೈಲಟ್‌ಗಳ ಸಂಕಟವೂ ಕಡಿಮೆಯದಲ್ಲ.

ಆದರೆ ಉದ್ದೇಶ ಕೇಳದ ಕಾನೂನನ್ನು ಕೈಯಲ್ಲಿ ಹಿಡಿದವರು ಬೇರೆ ಒಂದು ಪ್ರಶ್ನೆಯನ್ನಾದರೂ ಕೇಳಬೇಕಲ್ಲವೇ? ಈ ಮನುಷ್ಯನಿಗೆ ಬೇರೆ ದಾರಿ ಇತ್ತೇ?

ಆ ಪ್ರಶ್ನೆಯನ್ನು ನಾನು ಹೊಸದಾಗಿ ಹುಟ್ಟುಹಾಕಿಲ್ಲ, ತಮ್ಮ ಕಾಯ್ದೆಯೇ ಕೇಳಿದೆ. ಕಲಂ 147ಕ್ಕಿಂತ ಬಹಳ ಮೊದಲು ಕಲಂ 16 ಬರುತ್ತದೆ. ಹಳಿ ಹಾದುಹೋದದ್ದರಿಂದ ಅಕ್ಕಪಕ್ಕದ ಜಮೀನಿನ ಬಳಕೆಗೆ ಅಡ್ಡಿಯಾದರೆ ಅದನ್ನು ಸರಿದೂಗಿಸಲು ರಾಜ್ಯ ಸರ್ಕಾರದ ಅಭಿಪ್ರಾಯದಲ್ಲಿ ಅಗತ್ಯವಿರುವಷ್ಟು ದಾಟುದಾರಿ, ಸೇತುವೆ, ಮೋರಿ, ಕಾಲುದಾರಿಗಳನ್ನು ರೈಲ್ವೆ ಆಡಳಿತ ಕಟ್ಟಿ ನಿರ್ವಹಿಸಬೇಕು ಎನ್ನುತ್ತದೆ ಅದು. ಅಲ್ಲೇ ಮುಂದೆ ಕಲಂ 18 ಇದೆ: ಎಲ್ಲೆ ಗುರುತು, ಬೇಲಿ, ಗೇಟುಗಳನ್ನು ಹಾಕುವಂತೆ ಕೇಂದ್ರ ಸರ್ಕಾರ ರೈಲ್ವೆ ಆಡಳಿತಕ್ಕೆ ಸೂಚಿಸಬಹುದು. ಅಂದರೆ ಕಾಯ್ದೆ ಬರೆದವರು ಮೊದಲು ದಾರಿ ಕೊಡಿ, ಆಮೇಲೆ ಬೇಲಿ ಹಾಕಿ, ಅದನ್ನೂ ಮೀರಿ ಬಂದವರನ್ನು ಶಿಕ್ಷಿಸಿ ಎಂಬ ಕ್ರಮದಲ್ಲೇ ಬರೆದಿದ್ದಾರೆ. ನಮ್ಮ ಊರಿನಲ್ಲಿ ದಾರಿಯೂ ಇಲ್ಲ, ಬೇಲಿಯೂ ಇಲ್ಲ. ಇರುವುದು 147 ಮಾತ್ರ. ಉಣ್ಣಲು ಎಲೆ ಹಾಕದೆ ಊಟದ ಚೀಟಿಗೆ ದುಡ್ಡು ಕೇಳಿದ ಹಾಗಿದೆ.

ತಮ್ಮ ಕಾನೂನು ಸಲಹೆಗಾರರು ಈ ಮಾತಿಗೆ ಏನು ಉತ್ತರ ಕೊಡುತ್ತಾರೆಂದು ನಾನು ಊಹಿಸಬಲ್ಲೆ. ಹಳಿ ಸಂಚಾರಕ್ಕೆ ತೆರೆದು 10 ವರ್ಷ ಕಳೆದ ಮೇಲೆ ಇಂಥ ಹೆಚ್ಚುವರಿ ಕಾಮಗಾರಿಯ ಖರ್ಚನ್ನು ರೈಲ್ವೆಯೇ ಹೊರಬೇಕೆಂದು ಒತ್ತಾಯಿಸುವಂತಿಲ್ಲ ಎಂಬ ಮಾತು ಅದೇ ಕಲಂನಲ್ಲಿದೆ. ನಮ್ಮ ಹಳಿ ಬ್ರಿಟಿಷರ ಕಾಲದ್ದು. ಒಪ್ಪಿದೆ. ಆದರೆ ಇದ್ದ ಗೇಟನ್ನು ತೆಗೆದದ್ದು ಬ್ರಿಟಿಷರ ಕಾಲದಲ್ಲಲ್ಲ. ಇದ್ದ ದಾರಿಯನ್ನು ಮುಚ್ಚಿದ ಮೇಲೆ ಅದರ ಬದಲಿಗೆ ನಡೆಯುವವರಿಗೊಂದು ದಾರಿ ಕೇಳುವುದು ಹೆಚ್ಚುವರಿ ಕಾಮಗಾರಿ ಹೇಗಾಗುತ್ತದೆ? ಅದೂ ಆಗದೆಂದರೆ ಮುಂದಿನ ಕಲಂ 17 ಇದೆ. ಖರ್ಚು ಕೊಡಲು ಸ್ಥಳೀಯ ಸಂಸ್ಥೆ ಮುಂದೆ ಬಂದರೆ ಕಾಮಗಾರಿ ಮಾಡಿಸಿಕೊಳ್ಳಬಹುದು. ಈ ಪತ್ರದ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಪುರಸಭೆಗೂ ಕಳಿಸಿರುವುದು ಅದಕ್ಕಾಗಿಯೇ. ಬೀದಿಗೊಂದು ಸ್ವಾಗತ ಕಮಾನು ಕಟ್ಟಲು ಹಣ ಹುಡುಕುವ ಪುರಸಭೆ ಒಂದು ಪಾದಚಾರಿ ಮೇಲ್ಸೇತುವೆಯ ಪಾಲಿಗೂ ಹಣ ಹುಡುಕಬಹುದು.

ಈ ಕೇಸುಗಳು ನ್ಯಾಯಾಲಯದಲ್ಲಿ ಹೇಗೆ ಮುಗಿಯುತ್ತವೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹೆಸರು ಕೂಗುತ್ತಾರೆ. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಹ್ಞೂಂ ಎಂದರೆ ದಂಡ ಕಟ್ಟಿ ಮನೆಗೆ, ಇಲ್ಲ ಎಂದರೆ ಮತ್ತೊಂದು ತಾರೀಕು. ಕೂಲಿಯವರಿಗೆ ಮತ್ತೊಂದು ತಾರೀಕು ಎಂದರೆ ಮತ್ತೊಂದು ದಿನದ ಕೂಲಿ. ಎಲ್ಲರೂ ಹ್ಞೂಂ ಎನ್ನುತ್ತಾರೆ. ವಿಶೇಷ ಮತ್ತು ಸಾಕಷ್ಟು ಕಾರಣಗಳಿದ್ದರೆ 500ಕ್ಕಿಂತ ಕಡಿಮೆ ದಂಡ ಹಾಕಬಹುದು ಎಂಬ ಷರತ್ತು ಇಂಥವರಿಗಾಗಿಯೇ ಇರುವುದು. ಗೇಟು ಮುಚ್ಚಿದೆ, ಅಂಡರ್‌ಪಾಸಿನಲ್ಲಿ ನೀರಿದೆ, ಬಸ್ಸು ತಪ್ಪಿದರೆ ಕೆಲಸ ಹೋಗುತ್ತದೆ ಎಂಬುದಕ್ಕಿಂತ ವಿಶೇಷ ಕಾರಣ ಬೇರೆ ಯಾವುದಿದ್ದೀತು? ಆದರೆ ಒಂದೇ ನಿಮಿಷದಲ್ಲಿ ಮುಗಿಯುವ ಕೇಸಿನಲ್ಲಿ ಅದನ್ನು ಹೇಳುವವರಿಲ್ಲ, ಹೇಳದ್ದನ್ನು ತೀರ್ಪಿನಲ್ಲಿ ಬರೆಯುವಂತೆಯೂ ಇಲ್ಲ. ಕಾನೂನು ಸೇವಾ ಸಮಿತಿಯ ವಕೀಲ ಮಿತ್ರರು ಈ ಷರತ್ತನ್ನು ಕೈಗೆತ್ತಿಕೊಳ್ಳಬೇಕೆಂದು ಅವರಲ್ಲೂ ಇದೇ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

ಈಗ ಇದೇ ಕಲಂನ ಇನ್ನೊಂದು ಮುಖ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ಹಳಿಯಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. 1996ರಲ್ಲಿ ಮೀಟರ್‌ಗೇಜ್ ಸಂಚಾರ ನಿಲ್ಲಿಸಿ ಬ್ರಾಡ್‌ಗೇಜ್‌ಗೆ ಬದಲಿಸಲು ಸುಮಾರು ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷ ಗಾಡಿಯಿಲ್ಲದ ಹಳಿಯ ಮೇಲೆ ಘಟ್ಟದ ನಡುವಿನ ಎಡಕುಮೇರಿ ನಿಲ್ದಾಣದತ್ತ ನಡೆಯುವುದು ಕಾಲೇಜು ಹುಡುಗರ ದೊಡ್ಡ ಹುಚ್ಚಾಯಿತು. ಗಾಡಿ ಮತ್ತೆ ಬಂತು, ಹುಚ್ಚು ಹೋಗಲಿಲ್ಲ. ಅಲ್ಲಿ ಸೇತುವೆಯ ಮೇಲೆ ಬದಿಗೆ ಸರಿಯಲು ಜಾಗ ಸಿಗುವುದು ಅಲ್ಲಲ್ಲಿ ಇರುವ ಚಿಕ್ಕ ಕಟ್ಟೆಗಳಲ್ಲಿ ಮಾತ್ರ, ಸುರಂಗದ ಒಳಗೆ ಹಾಡಹಗಲೇ ಕತ್ತಲು. ದೂಧಸಾಗರದ ಕಥೆಯೂ ಇಂಥದ್ದೇ. 2023ರ ಜುಲೈನಲ್ಲಿ ನಿಷೇಧವಿದ್ದರೂ ನೂರಾರು ಜನ ಹಳಿಗುಂಟ ಜಲಪಾತದತ್ತ ನಡೆದರು. ನೈರುತ್ಯ ರೈಲ್ವೆ ಆಗ ಕಲಂ 147 ಮತ್ತು 159ನ್ನು ನೆನಪಿಸಿ, ಜಲಪಾತದ ಸೊಬಗನ್ನು ಗಾಡಿಯ ಒಳಗೆ ಕೂತೇ ನೋಡಿ ಎಂದು ಸಾರ್ವಜನಿಕವಾಗಿ ಮನವಿ ಮಾಡಿತು. ಆ ಮನವಿ ಸರಿಯಾಗಿಯೇ ಇತ್ತು.

ಸರಿಯಿಲ್ಲದ್ದು ಆ ದಿನಗಳಲ್ಲಿ ದೇಶವೆಲ್ಲ ನೋಡಿದ ವಿಡಿಯೊ. ಚಾರಣಿಗರನ್ನು ಸಾಲಾಗಿ ನಿಲ್ಲಿಸಿ ಕಿವಿ ಹಿಡಿಸಿ ಬಸ್ಕಿ ಹೊಡೆಸಿದ್ದು. ನೋಡಿದ ಹಲವರು ನಕ್ಕರು, ತಕ್ಕ ಶಾಸ್ತಿ ಎಂದರು. ವಕೀಲನಾಗಿ ನನಗೆ ನಗು ಬರಲಿಲ್ಲ. ರೈಲ್ವೆ ಕಾಯ್ದೆಯ ಯಾವ ಕಲಂನಲ್ಲಿ ಬಸ್ಕಿ ಇದೆ? ಶಿಕ್ಷೆ ಕೊಡುವವರು ಮ್ಯಾಜಿಸ್ಟ್ರೇಟರು, ಹಿಡಿದವರಲ್ಲ. ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯನ್ನು ನ್ಯಾಯ ಸಂಹಿತೆ ತಂದಿದೆ, ಅದನ್ನು ವಿಧಿಸುವುದು ಕೂಡ ನ್ಯಾಯಾಲಯವೇ. ಇಂದು ಬೆಂಗಳೂರಿನ ಹುಡುಗನಿಗೆ ಬಸ್ಕಿ ಹೊಡೆಸಿದ್ದಕ್ಕೆ ಚಪ್ಪಾಳೆ ತಟ್ಟಿದರೆ ನಾಳೆ ಸೊಪ್ಪು ಮಾರುವ ಅಜ್ಜಿಯನ್ನು ಬಿಸಿಲಲ್ಲಿ ಕೂರಿಸಿದರೂ ಯಾರೂ ಕೇಳುವುದಿಲ್ಲ.

ಆ ಚಾರಣಿಗರ ಪರವಾಗಿ ನಾನು ಮಾತಾಡುತ್ತಿದ್ದೇನೆಂದು ತಿಳಿಯಬೇಡಿ. ಅವರಿಗೆ ಬೇರೆ ದಾರಿ ಇತ್ತು: ಮನೆಯಲ್ಲಿರುವುದು. 500 ರೂಪಾಯಿ ದಂಡ ಅವರ ಪ್ರಯಾಣದ ಖರ್ಚಿನಲ್ಲಿ ಕಾಫಿ ತಿಂಡಿಯ ಬಾಬ್ತಿಗೆ ಸಮ. ಅದೇ 500 ರೂಪಾಯಿ ನಮ್ಮ ಬಡಾವಣೆಯ ಹೆಣ್ಣುಮಗಳಿಗೆ ಒಂದು ದಿನದ ದುಡಿಮೆಗಿಂತ ಹೆಚ್ಚು. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮೋಜಿಗೆ ಬಂದವನಿಗೂ ಹೊಟ್ಟೆಪಾಡಿಗೆ ದಾಟಿದವಳಿಗೂ ಒಂದೇ ಕಲಂ, ಒಂದೇ ಮೊತ್ತ. ಅವನಿಗೆ ಅದು ನಾಟುವುದಿಲ್ಲ, ಇವಳಿಗೆ ಅದು ತಾಳುವುದಿಲ್ಲ. ಇಬ್ಬರೂ ಮರುದಿನ ಅದೇ ಕೆಲಸ ಮಾಡುತ್ತಾರೆ. ಅಷ್ಟೇ ಅಲ್ಲ, ಹಣ ಪಡೆದು, ಜಾಹೀರಾತು ಹಾಕಿ, ವ್ಯಾನಿನಲ್ಲಿ ಹುಡುಗರನ್ನು ತುಂಬಿಕೊಂಡು ನಿಷೇಧಿತ ಹಳಿಗೆ ಕರೆದೊಯ್ಯುವವರಿದ್ದಾರೆ. ಕೇಸು ಬೀಳುವುದು ಹುಡುಗರ ಮೇಲೆ, ಕರೆದೊಯ್ದವರು ಮುಂದಿನ ವಾರಾಂತ್ಯದ ಬುಕಿಂಗ್‌ ತೆರೆದಿರುತ್ತಾರೆ. ಕುಮ್ಮಕ್ಕಿನ ಆರೋಪ ಹೊರಿಸಬೇಕಾದದ್ದು ಅಂಥವರ ಮೇಲೆ. ಹಳಿಯ ಮೇಲೆ ಕಲ್ಲಿಟ್ಟು ರೀಲ್ಸ್ ಮಾಡುವವರಿಗೆ 147 ಸಾಲದು. ಪ್ರಯಾಣಿಕರ ಜೀವಕ್ಕೆ ಅಪಾಯ ತರುವ ಕೃತ್ಯಕ್ಕೆ ಕಲಂ 153ರಲ್ಲಿ 5 ವರ್ಷದವರೆಗೆ ಸೆರೆವಾಸವಿದೆ, ಅದನ್ನು ಬಳಸಿ. ಹಾಗೆಯೇ ನಿಲ್ದಾಣದಲ್ಲಿ ಮೇಲ್ಸೇತುವೆ, ಲಿಫ್ಟ್ ಎಲ್ಲ ಇದ್ದೂ ಮೆಟ್ಟಿಲು ಹತ್ತಲು ಸೋಮಾರಿತನವಾಗಿ ಪ್ಲಾಟ್‌ಫಾರಂನಿಂದ ಹಳಿಗೆ ಧುಮುಕುವ ನಮ್ಮ ವಕೀಲರು, ಮೇಷ್ಟ್ರುಗಳು, ಗುಮಾಸ್ತರ ಮೇಲೂ ಪೂರ್ತಿ 1,000 ರೂಪಾಯಿ ಹಾಕಿಸಿ. ನನ್ನ ವಿರೋಧವಿಲ್ಲ.

ಅತಿಕ್ರಮ ಪ್ರವೇಶ ಎಂದು ಬರೆದರೆ ಕೇಸು ಮುಗಿದಂತೆ ಎಂಬ ಭಾವನೆ ಇಲಾಖೆಯಲ್ಲಿ ಬಹಳ ಹಿಂದಿನಿಂದ ಬೇರೂರಿದೆ. 2018ರ ಅಕ್ಟೋಬರ್ 19ರಂದು ಅಮೃತಸರದಲ್ಲಿ ರಾವಣ ದಹನ ನೋಡುತ್ತ ಹಳಿಯ ಮೇಲೆ ನಿಂತಿದ್ದ ಸುಮಾರು 60 ಜನ ಗಾಡಿಗೆ ಸಿಕ್ಕಿ ಸತ್ತರು. 2020ರ ಮೇ 8ರಂದು ಔರಂಗಾಬಾದಿನ ಕರಮಾಡ ಬಳಿ, ಲಾಕ್‌ಡೌನ್‌ನಲ್ಲಿ ಊರಿಗೆ ನಡೆದು ಹೊರಟು ದಣಿದು ಹಳಿಯ ಮೇಲೆ ಮಲಗಿದ್ದ 16 ವಲಸೆ ಕಾರ್ಮಿಕರ ಮೇಲೆ ಗೂಡ್ಸ್ ಹರಿಯಿತು. ಕಾನೂನಿನ ಲೆಕ್ಕದಲ್ಲಿ ಅವರೆಲ್ಲ ಅತಿಕ್ರಮಿಗಳೇ. ಪರಮಾಣು ವಿಜ್ಞಾನಿ ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಉನ್ನತ ಮಟ್ಟದ ಸುರಕ್ಷತಾ ಸಮಿತಿ 2012ರಲ್ಲೇ ಹೇಳಿತ್ತು: ಅತಿಕ್ರಮ ಪ್ರವೇಶವೆಂಬ ಹೆಸರಿನಡಿ ವರ್ಷಕ್ಕೆ ಸುಮಾರು 15,000 ಜನ ಹಳಿಗಳ ಮೇಲೆ ಸಾಯುತ್ತಿದ್ದಾರೆ, ಯಾವ ನಾಗರಿಕ ಸಮಾಜವೂ ಇದನ್ನು ಒಪ್ಪಲಾರದು ಎಂದು. ಇವುಗಳನ್ನು ರೈಲ್ವೆ ಅಪಘಾತವೆಂದು ಒಪ್ಪಿಕೊಳ್ಳದಿದ್ದರೂ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂಬುದೇ ಆ ಮಾತಿನ ಹುರುಳು.

ಸತ್ತವರ ಮನೆಗೆ ಏನು ಸಿಗುತ್ತದೆ ನೋಡಿ. ಗಾಡಿಯಿಂದ ಬಿದ್ದು ಸತ್ತ ಪ್ರಯಾಣಿಕರ ಕುಟುಂಬ ಪರಿಹಾರ ಕೇಳಿ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ ಎಂಬ ನ್ಯಾಯಮಂಡಳಿಗೆ ಹೋಗಬಹುದು. 2017ರಿಂದ ಪರಿಹಾರದ ಮೊತ್ತ 8 ಲಕ್ಷ ರೂಪಾಯಿ. ಹಳಿ ದಾಟುವಾಗ ಸತ್ತವರಿಗೆ ಆ ಬಾಗಿಲು ಮುಚ್ಚಿದೆ. ರಾಜ್ಯ ರೈಲ್ವೆ ಪೊಲೀಸರು ಒಂದು ಅಸಹಜ ಸಾವಿನ ವರದಿ (ಯುಡಿಆರ್) ದಾಖಲಿಸುತ್ತಾರೆ, ಮರಣೋತ್ತರ ಪರೀಕ್ಷೆ ಆಗುತ್ತದೆ, ಕಡತ ಮುಗಿಯುತ್ತದೆ. ನಮ್ಮ ಹಳೆಯ ಗೇಟಿನ ಜಾಗದಲ್ಲಿ ಹೀಗೆ ಹೋದವರಿದ್ದಾರೆ. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಮನೆಯವರು ನೊಂದುಕೊಳ್ಳುತ್ತಾರೆ.

ತಮ್ಮಲ್ಲಿ ನನ್ನ ಬೇಡಿಕೆಗಳು ದೊಡ್ಡವಲ್ಲ. ಕಲಂ 147ರಲ್ಲಿ ದಾಖಲಾದ ಪ್ರತಿ ಪ್ರಕರಣದಲ್ಲೂ ಜಾಗದ ಕಿಲೋಮೀಟರ್ ಸಂಖ್ಯೆ ಇರುತ್ತದೆ. ಹಿಂದಿನ ಮೂರು ವರ್ಷಗಳ ಪ್ರಕರಣಗಳನ್ನೂ ಅದೇ ಅವಧಿಯ ಸಾವುಗಳನ್ನೂ ಕಿಲೋಮೀಟರ್‌ವಾರು ಪಟ್ಟಿ ಮಾಡಿಸಿ ಪ್ರಕಟಿಸಿ. ಪ್ರತಿ ಜಾಗದ ಎದುರು ಅಲ್ಲಿಂದ ಹತ್ತಿರದ ಕಾನೂನುಬದ್ಧ ದಾರಿ ಎಷ್ಟು ದೂರ ಎಂದೂ ಬರೆಸಿ. ಆ ಪಟ್ಟಿ ಸಿದ್ಧವಾದರೆ ಎಲ್ಲಿ ಪೊಲೀಸರು ಬೇಕು, ಎಲ್ಲಿ ಮೇಲ್ಸೇತುವೆ ಬೇಕು ಎಂಬುದು ಕಣ್ಣಿಗೆ ರಾಚುವಂತೆ ಕಾಣುತ್ತದೆ. ಘಟ್ಟದ ಸುರಂಗದ ಬಾಯಿಗೆ ಪೊಲೀಸರನ್ನು ಕಳಿಸಿ. ಊರ ನಡುವಿನ ಹಳೆಯ ಗೇಟಿನ ಜಾಗಗಳಿಗೆ ಮೊದಲು ಇಂಜಿನಿಯರುಗಳನ್ನು ಕಳಿಸಿ.

ಮೇಲ್ಸೇತುವೆಗೆ ಕಾಲ ಹಿಡಿಯುತ್ತದೆ, ಗೊತ್ತು. ಹೊರೆ ಹೊತ್ತವರು, ವಯಸ್ಸಾದವರು ಮೆಟ್ಟಿಲು ಹತ್ತಲಾರರು, ಆದ್ದರಿಂದ ಇಳಿಜಾರು ದಾರಿ ಇರುವ ವಿನ್ಯಾಸವೇ ಬೇಕು. ಅದು ಮುಗಿಯುವ ತನಕ ಅಂಡರ್‌ಪಾಸಿಗೆ ಪಂಪು, ದೀಪ, ಬದಿಯಲ್ಲಿ ಎತ್ತರದ ಕಾಲುದಾರಿ ಹಾಕಿಸಿ. ಪಂಪಿನ ಕರೆಂಟ್ ಬಿಲ್ಲು ಯಾರದ್ದೆಂದು ಪುರಸಭೆಯೊಂದಿಗೆ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಳ್ಳಿ. ಲೂಪ್ ಲೈನಿನಲ್ಲಿ ಗೂಡ್ಸ್ ನಿಲ್ಲಿಸುವಾಗ ಜನ ದಾಟುವ ಜಾಗ ಬಿಟ್ಟು ಮುಂದಕ್ಕೆ ಎಳೆದು ನಿಲ್ಲಿಸಲು ಸಾಧ್ಯವೇ ಎಂದು ಸ್ಟೇಷನ್ ಮಾಸ್ಟರರನ್ನು ಕೇಳಿ ನೋಡಿ. ಬೆಳಿಗ್ಗೆ ಸಂಜೆಯ ಗಿಜಿಗಿಜಿ ಹೊತ್ತಿನಲ್ಲಾದರೂ ಅದು ಆದರೆ ವ್ಯಾಗನ್ನಿನ ಕೆಳಗೆ ತೂರುವುದು ಅರ್ಧ ತಪ್ಪುತ್ತದೆ.

ಆ ಜಾಗದಲ್ಲೀಗ ಒಂದು ತುಕ್ಕು ಹಿಡಿದ ಫಲಕವಿದೆ, ಅದರ ಮೇಲಿನ ಅಕ್ಷರ ಅಳಿಸಿದೆ. ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಹೊಸದನ್ನು ಹಾಕಿಸಿ. ಇಲ್ಲಿ ದಾಟುವುದು ಅಪರಾಧ, ಇಂತಿಷ್ಟು ಶಿಕ್ಷೆ, ದಾಟುವ ದಾರಿ ಈ ಕಡೆಗೆ ಇಷ್ಟು ಮೀಟರ್ ಎಂದು ಮೂರೂ ಅದರಲ್ಲಿರಲಿ. ಮೂರನೆಯದನ್ನು ಬರೆಯಲು ಮುಜುಗರವಾಗುವಷ್ಟು ದೂರವಿದ್ದರೆ ಮೊದಲೆರಡರ ಬಗ್ಗೆಯೂ ಇಲಾಖೆ ಮತ್ತೊಮ್ಮೆ ಯೋಚಿಸಲಿ. ದಂಡ ಕಟ್ಟಿದ ಪ್ರತಿಯೊಬ್ಬರಿಗೂ ರಸೀದಿ ಸಿಗಬೇಕು. ಬಸ್ಕಿ, ಬೈಗುಳ, ಬಿಸಿಲಲ್ಲಿ ಕೂರಿಸುವುದು ಎಲ್ಲೂ ನಡೆಯಕೂಡದೆಂದು ಲಿಖಿತ ಸೂಚನೆ ಹೊರಡಿಸಿ.

ಮಾನ್ಯ ಜಿಲ್ಲಾಧಿಕಾರಿಗಳಿಗೆ ಒಂದು ಮಾತು. ಯಾವ ದಾಟುದಾರಿ ಅಗತ್ಯ ಎಂದು ಅಭಿಪ್ರಾಯ ಹೇಳುವ ಅಧಿಕಾರವನ್ನು ಕಲಂ 16 ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ತಮ್ಮಿಂದ ಪ್ರಸ್ತಾವನೆ ಹೋಗದೆ ಸರ್ಕಾರ ಅಭಿಪ್ರಾಯ ಹೇಳುವುದಿಲ್ಲ, ಸರ್ಕಾರ ಹೇಳದೆ ರೈಲ್ವೆ ಕದಲುವುದಿಲ್ಲ. ಈ ಸರಪಳಿಯ ಮೊದಲ ಕೊಂಡಿ ತಾವು.

ಮುಂಗಾರು ಶುರುವಾಗುವ ಮೊದಲು ರೈಲ್ವೆ, ಕಂದಾಯ ಮತ್ತು ಪುರಸಭೆಯ ಅಧಿಕಾರಿಗಳು ಒಟ್ಟಾಗಿ ಜಾಗಕ್ಕೆ ಬಂದು ಪರಿಶೀಲನೆ ಮಾಡುವ ದಿನವನ್ನು ನಿಗದಿ ಮಾಡಬೇಕೆಂದು ಕೋರುತ್ತೇನೆ. ಬರುವುದಾದರೆ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರೊಳಗೆ ಬನ್ನಿ. ಹತ್ತೂವರೆಗೆ ಬಂದರೆ ಅಲ್ಲಿ ಯಾರೂ ಇರುವುದಿಲ್ಲ, ಸಮಸ್ಯೆ ಇಲ್ಲವೆಂದು ವರದಿ ಬರೆಯುವುದು ಸುಲಭವಾಗುತ್ತದೆ. ಬಡಾವಣೆಯವರು ನಕ್ಷೆ ಮತ್ತು ಸಹಿಗಳೊಂದಿಗೆ ಕಾದಿರುತ್ತೇವೆ. ಕಿಲೋಮೀಟರ್‌ವಾರು ಮಾಹಿತಿಯನ್ನು ತಾವಾಗಿಯೇ ಪ್ರಕಟಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿ ಅರ್ಜಿ ಹಾಕುತ್ತೇವೆ. ಆದರೆ ಅದಕ್ಕೆ ಅವಕಾಶ ಕೊಡದೆ ತಾವೇ ಕೊಟ್ಟರೆ ಚೆನ್ನ. ತಮ್ಮ ಉತ್ತರವನ್ನು ನನ್ನ ವಿಳಾಸಕ್ಕೆ ಮಾತ್ರ ಕಳಿಸಬೇಡಿ, ನಿಲ್ದಾಣದ ನೋಟಿಸ್ ಬೋರ್ಡಿನಲ್ಲಿ ಟಿಕೆಟ್ ಕೌಂಟರಿನ ಪಕ್ಕ ಕನ್ನಡದಲ್ಲಿ ಹಾಕಿಸಿ.

ಇಂತಿ ತಮ್ಮ ವಿಶ್ವಾಸಿ,
ಹಳಿಯಾಚೆಯ ಬಡಾವಣೆಯ ನಿವಾಸಿ, ವಕೀಲ